ಮೈದಾನದ ಮಾತು: ಆಟಗಾರನ ಮನೆಯನ್ನೂ ನೋಡಿದ ಕೋಚ್

ಕಳೆದ ತಿಂಗಳು ಇದೇ ಪುಟದಲ್ಲಿ ರಾಯ್ ಫ್ರಾನ್ಸಿಸ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಇಂಗ್ಲೆಂಡಿನ ಉತ್ತರದ ಊರುಗಳಲ್ಲಿ ರಗ್ಬಿ ಲೀಗ್ ಆಡಿ, ಆಮೇಲೆ ಕೋಚ್ ಆದ ವೇಲ್ಸ್‌ನ ಕಪ್ಪು ಆಟಗಾರ, ಅವರನ್ನು ಬ್ರಿಟನ್ ತಂಡ ಆಸ್ಟ್ರೇಲಿಯಾಗೆ ಕರೆದುಕೊಂಡು ಹೋಗಲಿಲ್ಲ ಅಂತ ಹೇಳಿ ಮುಂದೆ ಹೋಗಿದ್ದೆ. ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಅವರ ಬಗ್ಗೆಯೇ ಇವೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಎತ್ತಿಟ್ಟಿದ್ದೇನೆ. ಕಾಯುವವರು ಬೇಜಾರು ಮಾಡಿಕೊಳ್ಳಬೇಡಿ.

ಮೇಡಂ, ಹದಿನಾರು ವರ್ಷ ಕಬಡ್ಡಿಯಲ್ಲಿ ರೈಡರ್ ಆಗಿ ಆಡಿದೆ. ಎಡ ಮೊಣಕಾಲು ಹೋಯಿತು. ಈಗ ಊರಿನ ಸಂಘದವರು ಹುಡುಗರಿಗೆ ಕಲಿಸು ಅಂತಿದ್ದಾರೆ. ನನಗೆ ಧೈರ್ಯ ಬರ್ತಿಲ್ಲ. ಚೆನ್ನಾಗಿ ಆಡಿದವನು ಚೆನ್ನಾಗಿ ಕಲಿಸ್ತಾನೆ ಅಂತ ಏನಾದರೂ ಇದೆಯಾ? ನೀವು ಹೇಳಿದ ಆ ರಾಯ್ ಫ್ರಾನ್ಸಿಸ್ ಕಥೆ ಪೂರ್ತಿ ಬರೀರಿ.
— ಕಬಡ್ಡಿ ಆಟಗಾರ, ಹಾವೇರಿ ಜಿಲ್ಲೆ

ನೀವು ಕಲಿಸಬಲ್ಲಿರಿ. ಆದರೆ ಆಡುವುದು ಬೇರೆ, ಕಲಿಸುವುದು ಬೇರೆ. ಯಾವ ಗಳಿಗೆಯಲ್ಲಿ ಬೋನಸ್ ಗೆರೆ ದಾಟಬೇಕು, ಯಾವಾಗ ತಿರುಗಿ ಓಡಬೇಕು ಅಂತ ನಿಮ್ಮ ಕಾಲಿಗೆ ಗೊತ್ತಿತ್ತು. ಯಾರೂ ಹೇಳಬೇಕಿರಲಿಲ್ಲ. ಈಗ ಅದನ್ನು ಬಾಯಲ್ಲಿ ಹೇಳಬೇಕು. ಎದುರಿಗೆ ನಿಂತ ಹುಡುಗನಿಗೆ ನಿಮ್ಮ ಕಾಲೂ ಇಲ್ಲ, ನಿಮ್ಮ ಹದಿನಾರು ವರ್ಷವೂ ಇಲ್ಲ. ಅವನ ಕಾಲಿಗೆ ಏನು ಸಾಧ್ಯ ಅಂತ ನೋಡುವುದರಿಂದ ನಿಮ್ಮ ಹೊಸ ಕೆಲಸ ಶುರು.

ರಾಯ್ ಫ್ರಾನ್ಸಿಸ್ ಹೆಸರು ನಾನು ಕೇಳಿದ್ದು ಲೀಡ್ಸ್‌ನಲ್ಲಿ. ಮಗಳ ಬಾಣಂತನಕ್ಕೆ ಹೋಗಿ ಆರು ತಿಂಗಳು ಅಲ್ಲಿದ್ದೆ. ಮಧ್ಯಾಹ್ನ ಮಗು ಮಲಗಿದಾಗ ಒಂದು ಸುತ್ತು ನಡೆದು ಬರುತ್ತಿದ್ದೆ. ಹೆಡಿಂಗ್ಲೆ ಮೈದಾನ ಮನೆಗೆ ಹತ್ತಿರ. 2002ರಲ್ಲಿ ನಮ್ಮ ರಾಹುಲ್ ದ್ರಾವಿಡ್ 148 ಹೊಡೆದ ಜಾಗ ಅದು. ಮೋಡ ಕವಿದ ಮೊದಲ ದಿನ ಸಂಜಯ್ ಬಂಗಾರ್ ಜೊತೆ ನಿಂತು 170 ರನ್ ಸೇರಿಸಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಆ ಜಾಗ ನೋಡಲೇಬೇಕು ಅಂತ ಹೋದೆ. ಹೋಗಿ ನೋಡಿದರೆ, ಸ್ಟ್ಯಾಂಡ್ ಒಂದೇ, ಮೈದಾನ ಎರಡು. ಈ ಕಡೆ ಮುಖ ಮಾಡಿ ಕೂತರೆ ಕ್ರಿಕೆಟ್. ಆ ಕಡೆ ಕೂತರೆ ರಗ್ಬಿ ಲೀಗ್. ಮಗಳ ಪಕ್ಕದ ಮನೆಯ ತಾತ ಆ ಕಡೆಯವರು. ನಾನು ಪಿ.ಟಿ. ಟೀಚರ್ ಆಗಿದ್ದೆ ಅಂತ ಗೊತ್ತಾದ ದಿನದಿಂದ ಬೇಲಿಯ ಆಚೆ ನಿಂತು ಕಥೆ ಹೇಳಲು ಶುರು ಮಾಡಿದರು. ಆ ಕಥೆಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಹೆಸರು ರಾಯ್ ಫ್ರಾನ್ಸಿಸ್. ಆಮೇಲೆ ನಾನೇ ಹುಡುಕಿ ಓದಿದೆ.

ಅವರು ಹುಟ್ಟಿದ್ದು 1919ರಲ್ಲಿ, ವೇಲ್ಸ್‌ನ ಕಾರ್ಡಿಫ್‌ನಲ್ಲಿ. ಬೆಳೆದದ್ದು ಬ್ರಿನ್‌ಮಾರ್ ಅನ್ನುವ ಕಲ್ಲಿದ್ದಲು ಸೀಮೆಯ ಊರಿನಲ್ಲಿ, ದತ್ತು ತೆಗೆದುಕೊಂಡವರ ಮನೆಯಲ್ಲಿ. 1930ರ ದಶಕದಲ್ಲಿ ಆ ಊರಲ್ಲಿ ಕೆಲಸವೇ ಇರಲಿಲ್ಲ. ಹುಡುಗನ ಕಾಲಲ್ಲಿ ಮಾತ್ರ ಓಟ ಇತ್ತು. 1936ರಲ್ಲಿ, 17ನೇ ವಯಸ್ಸಿಗೆ, ಇಂಗ್ಲೆಂಡಿನ ವಿಗನ್ ಕ್ಲಬ್ ಅವರನ್ನು ಕರೆಸಿಕೊಂಡಿತು. ಅಲ್ಲಿಂದ ಬ್ಯಾರೋ. ಯುದ್ಧ ಬಂತು. ಸೈನ್ಯದಲ್ಲಿ ವ್ಯಾಯಾಮ ಕಲಿಸುವ ಸಾರ್ಜೆಂಟ್ ಆದರು. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ ಪಿ.ಟಿ. ಮೇಷ್ಟ್ರು. ಇದನ್ನು ಓದಿದಾಗ ನನಗೆ ತುಂಬ ಖುಷಿಯಾಯಿತು. ಕೋಚ್ ಆಗುವ ಮೊದಲೇ ಅವರು ಬೇರೆಯವರ ಮೈಯನ್ನು ನೋಡಿ ಓದುವುದನ್ನು ಕಲಿತಿದ್ದರು.

ಅವರು ವಿಂಗರ್. ಅಂದರೆ ಮೈದಾನದ ಅಂಚಿನಲ್ಲಿ ನಿಂತು, ಚೆಂಡು ಕೈಗೆ ಬಂದ ಕೂಡಲೇ ಗೆರೆಯ ಪಕ್ಕದಲ್ಲೇ ಓಡುವವರು. ಎದುರಾಳಿಯ ಕೊನೆಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು ಟ್ರೈ. ಒಟ್ಟು 356 ಪಂದ್ಯಗಳಲ್ಲಿ 229 ಟ್ರೈ ಅವರದು. 1947ರ ಡಿಸೆಂಬರ್‌ನಲ್ಲಿ ಬ್ರಾಡ್‌ಫರ್ಡ್‌ನ ಒಡ್ಸಲ್ ಮೈದಾನದಲ್ಲಿ ನ್ಯೂಜಿಲೆಂಡ್ ವಿರುದ್ಧ ಗ್ರೇಟ್ ಬ್ರಿಟನ್ ಪರ ಇಳಿದರು. ಆ ತಂಡಕ್ಕೆ ಆಡಿದ ಮೊದಲ ಕಪ್ಪು ಆಟಗಾರ. ಅವತ್ತು 2 ಟ್ರೈ ಹೊಡೆದರು. ಮತ್ತೆ ಕರೆಯಲೇ ಇಲ್ಲ. ಅದೊಂದೇ ಪಂದ್ಯ.

ವಾರಿಂಗ್ಟನ್‌ನಲ್ಲಿ ಸ್ವಲ್ಪ ದಿನ ಇದ್ದು 1949ರಲ್ಲಿ ಹಲ್ ಕ್ಲಬ್‌ಗೆ ಬಂದರು. ಹಲ್ ಅಂದರೆ ಮೀನುಗಾರರ ಬಂದರು. ಅಲ್ಲಿ ಆಡುತ್ತಲೇ ಕಲಿಸಲು ಶುರು ಮಾಡಿ, ಆಟ ನಿಲ್ಲಿಸಿದ ಮೇಲೆ ಪೂರ್ತಿ ಕೋಚ್ ಆದರು. ಬ್ರಿಟನ್ನಿನ ಯಾವುದೇ ವೃತ್ತಿಪರ ತಂಡದ ಆಟದಲ್ಲಿ ಮೊದಲ ಕಪ್ಪು ಕೋಚ್ ಅವರೇ ಅಂತ ಎಲ್ಲರೂ ಒಪ್ಪುತ್ತಾರೆ. 1956ರಲ್ಲಿ ಹಲ್ ಚಾಂಪಿಯನ್. 1958ರಲ್ಲಿ ಮತ್ತೆ ಚಾಂಪಿಯನ್. ಆಗಿನ ಬಹುಪಾಲು ಕೋಚ್‌ಗಳಿಗೆ ತರಬೇತಿ ಅಂದರೆ ಮೈದಾನಕ್ಕೆ ಸುತ್ತು ಹಾಕಿಸುವುದು. ಫ್ರಾನ್ಸಿಸ್ ಹಾಗಲ್ಲ. ಓಟದ ವೇಗಕ್ಕೆ ಬೇರೆ ಅಭ್ಯಾಸ ಕೊಟ್ಟರು. ಪಂದ್ಯದ ಫಿಲಂ ಹಾಕಿ ತೋರಿಸಿ ತಪ್ಪು ತಿದ್ದಿದರು. ಮೈಯಷ್ಟೇ ಮನಸ್ಸೂ ಸಿದ್ಧವಾಗಬೇಕು ಅಂತ ಒಬ್ಬೊಬ್ಬರ ಜೊತೆ ಕೂತು ಮಾತಾಡಿದರು. ನಮ್ಮಲ್ಲಿ ಎಷ್ಟೋ ತಂಡಗಳಿಗೆ ಇವತ್ತಿಗೂ ಇದು ಸಿಗುತ್ತಿಲ್ಲ. ಅವರು ಮಾಡಿದ್ದು ಎಪ್ಪತ್ತು ವರ್ಷದ ಹಿಂದೆ.

ನೀವು ಅವರಿಂದ ಒಂದೇ ಒಂದು ತೆಗೆದುಕೊಳ್ಳಿ. ಅವರು ತಮ್ಮಂಥ ವಿಂಗರ್‌ಗಳನ್ನು ಮಾತ್ರ ಬೆಳೆಸಲಿಲ್ಲ. ಹಲ್ ತಂಡ ಹೆಸರು ಮಾಡಿದ್ದೇ ಮುಂದಿನ ಸಾಲಿನ ಗಟ್ಟಿ ಆಳುಗಳಿಂದ. ಜಾನಿ ವೈಟ್ಲಿ, ಟಾಮಿ ಹ್ಯಾರಿಸ್, ಡ್ರೇಕ್ ಅವಳಿ ಅಣ್ಣತಮ್ಮಂದಿರು. ಓಟಗಾರನಾಗಿದ್ದವರು ಹೊಡೆದಾಡುವ ಸಾಲನ್ನು ಕಟ್ಟಿದರು. ನೀವು ರೈಡರ್. ಮೊದಲ ಆರು ತಿಂಗಳು ಕ್ಯಾಚರ್‌ಗಳ ಜೊತೆ ಜಾಸ್ತಿ ಹೊತ್ತು ಕಳೆಯಿರಿ. ನಿಮ್ಮನ್ನು ಹಿಡಿಯುತ್ತಿದ್ದವರ ಕಣ್ಣಲ್ಲಿ ಆಟ ನೋಡಿ. ಮೂರು ತಿಂಗಳ ಮೇಲೆ ನನಗೆ ಮತ್ತೆ ಬರೆಯಿರಿ. ಮೊಣಕಾಲಿಗೆ ವೈದ್ಯರು ಏನು ಹೇಳಿದರು ಅಂತಲೂ ಬರೆಯಿರಿ.

ರಗ್ಬಿ ಒಂದೇ ಆಟ ಅಂದುಕೊಂಡಿದ್ದೆ. ಈ ‘ಲೀಗ್’ ಯಾವುದು? ಪಂದ್ಯಾವಳಿಯ ಹೆಸರಾ?
— ಪಿಯು ವಿದ್ಯಾರ್ಥಿ, ಶಿವಮೊಗ್ಗ

ಅಲ್ಲಪ್ಪ, ಅದು ಆಟದ ಹೆಸರೇ. ರಗ್ಬಿ ಎರಡು. ಯೂನಿಯನ್‌ನಲ್ಲಿ 15 ಜನ, ಲೀಗ್‌ನಲ್ಲಿ 13 ಜನ. ಲೀಗ್ ನೋಡಿದರೆ ನಿನಗೆ ಕಬಡ್ಡಿ ನೆನಪಾಗುತ್ತದೆ. ಚೆಂಡು ಹಿಡಿದವನನ್ನು ಎದುರಾಳಿಗಳು ಅಮುಕಿ ಬೀಳಿಸುತ್ತಾರೆ. ಅವನು ಎದ್ದು, ಚೆಂಡನ್ನು ಕಾಲಿಂದ ಹಿಂದಕ್ಕೆ ಉರುಳಿಸಿ, ಆಟ ಮತ್ತೆ ಶುರು ಮಾಡುತ್ತಾನೆ. ಹೀಗೆ ಆರು ಸಲ ಹಿಡಿಸಿಕೊಂಡರೆ ಚೆಂಡು ಎದುರು ತಂಡಕ್ಕೆ.

ಎರಡಾಗಿದ್ದು ಯಾಕೆ ಅನ್ನುವುದು ನನಗೆ ಹತ್ತಿರದ ವಿಷಯ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್‌ಗಳು ಸೇರಿ ಬೇರೆಯಾದವು. ಜಗಳ ಇದ್ದದ್ದು ಒಂದು ದಿನದ ಕೂಲಿಯ ಮೇಲೆ. ಅಲ್ಲಿನ ಆಟಗಾರರು ಗಣಿಯವರು, ಗಿರಣಿಯವರು. ಶನಿವಾರ ಆಡಲು ಹೋದರೆ ಅವತ್ತಿನ ಕೂಲಿ ಕಟ್. ಆ ಕೂಲಿಯಷ್ಟನ್ನಾದರೂ ಕೊಡೋಣ ಅಂತ ಕ್ಲಬ್‌ಗಳು ಕೇಳಿದವು. ಲಂಡನ್ನಿನ ದೊಡ್ಡವರು ಒಪ್ಪಲಿಲ್ಲ. ಆಟಕ್ಕೆ ದುಡ್ಡು ಮುಟ್ಟಬಾರದು ಅಂದರು. ಮನೆಯಲ್ಲಿ ದುಡ್ಡು ಇದ್ದವರಿಗೆ ಹಾಗೆ ಹೇಳುವುದು ಸುಲಭ, ಅಲ್ವಾ?

ನಮ್ಮಪ್ಪ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದರು. ನಮ್ಮೂರನ್ನು ಆಗ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಕುಸ್ತಿ ಅಂದರೆ ಅಪ್ಪನಿಗೆ ಪ್ರಾಣ. ಪಾಳಿ ತಪ್ಪಿಸಿ ಕುಸ್ತಿ ನೋಡಲು ಹೋದ ದಿನ ಅಮ್ಮ ಲೆಕ್ಕ ಹಾಕಿ ಅಕ್ಕಿ ತರುತ್ತಿದ್ದಳು. ಹಡರ್ಸ್‌ಫೀಲ್ಡ್‌ನ ಆ ಹೋಟೆಲಿನ ಕಟ್ಟಡ ಈಗಲೂ ಇದೆ, ರೈಲು ನಿಲ್ದಾಣದ ಪಕ್ಕದಲ್ಲೇ. ಅದರ ಮುಂದೆ ನಿಂತಾಗ ನನಗೆ ಅಪ್ಪನ ಊಟದ ಡಬ್ಬಿ ನೆನಪಾಯಿತು.

ನಾನು ಉಡುಪಿಯವಳು. ಹಲ್ ನಗರದಲ್ಲಿ ನರ್ಸ್ ಆಗಿದ್ದೇನೆ. ಲೀಡ್ಸ್ ಕಡೆಯಿಂದ ಊರಿಗೆ ವಾಪಸ್ ಬರುವಾಗ ‘ಕ್ಲೈವ್ ಸಲ್ಲಿವನ್ ವೇ’ ಅಂತ ದೊಡ್ಡ ರಸ್ತೆ ಸಿಗುತ್ತದೆ. ಅವರೂ ರಗ್ಬಿ ಆಟಗಾರರಂತೆ. ನಿಮ್ಮ ರಾಯ್ ಫ್ರಾನ್ಸಿಸ್‌ಗೂ ಅವರಿಗೂ ಸಂಬಂಧ ಇದೆಯಾ?
— ಓದುಗರು, ಹಲ್, ಇಂಗ್ಲೆಂಡ್

ಇದೆಯಮ್ಮ, ತುಂಬಾ ಇದೆ. ಅಷ್ಟು ದೂರದಲ್ಲೂ ಈ ಪತ್ರಿಕೆ ಓದುತ್ತೀರಿ ಅಂತ ತಿಳಿದು ಸಂತೋಷವಾಯಿತು.

ಸಲ್ಲಿವನ್ ಕೂಡ ಕಾರ್ಡಿಫ್‌ನವರು, ಕಪ್ಪು ಹುಡುಗ. ಚಿಕ್ಕಂದಿನಲ್ಲಿ ಕಾಲಿಗೆ ಆಪರೇಷನ್ ಮೇಲೆ ಆಪರೇಷನ್. ಸರಿಯಾಗಿ ನಡೆದರೆ ಸಾಕು ಅನ್ನುವ ಸ್ಥಿತಿ. ಬೆಳೆದು ಸೈನ್ಯ ಸೇರಿದರು. 1961ರ ಡಿಸೆಂಬರ್‌ನಲ್ಲಿ ಹಲ್ ಕ್ಲಬ್‌ಗೆ ಪರೀಕ್ಷೆಗೆ ಅಂತ ಬಂದರು. ಆಗ ಕೋಚ್ ರಾಯ್ ಫ್ರಾನ್ಸಿಸ್. ಬ್ರಾಮ್ಲಿ ವಿರುದ್ಧದ ಪಂದ್ಯದಲ್ಲಿ ಹೆಸರೇ ಹಾಕದೆ ಹುಡುಗನನ್ನು ಇಳಿಸಿದರು. ಹೆಸರಿಲ್ಲದ ಆ ಹುಡುಗ 3 ಟ್ರೈ ಹೊಡೆದ.

ಆಮೇಲಿನದ್ದು ಹಲ್‌ನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆ ಊರಲ್ಲಿ ಎರಡು ಕ್ಲಬ್. ಪಶ್ಚಿಮಕ್ಕೆ ಹಲ್ ಎಫ್‌ಸಿ, ಪೂರ್ವಕ್ಕೆ ಹಲ್ ಕೆಆರ್. ಒಂದರ ಅಭಿಮಾನಿ ಇನ್ನೊಂದರ ಬಣ್ಣದ ಸ್ವೆಟರ್ ಕೂಡ ಹಾಕುವುದಿಲ್ಲ ಅಂತ ಲೀಡ್ಸ್‌ನ ಆ ಪಕ್ಕದ ಮನೆಯ ತಾತ ಹೇಳುತ್ತಿದ್ದರು. ಸಲ್ಲಿವನ್ ಎರಡಕ್ಕೂ ಆಡಿದರು. ಎರಡೂ ಕಡೆಯವರು ಪ್ರೀತಿಸಿದರು. 1972ರಲ್ಲಿ ಗ್ರೇಟ್ ಬ್ರಿಟನ್ ತಂಡದ ನಾಯಕರಾಗಿ ವಿಶ್ವಕಪ್ ತಂದರು. ಫ್ರಾನ್ಸಿನ ಲಿಯಾನ್‌ನಲ್ಲಿ ನಡೆದ ಫೈನಲ್‌ನಲ್ಲಿ ಆಸ್ಟ್ರೇಲಿಯಾ ಜೊತೆ 10-10 ಸಮ. ಲೀಗ್ ಹಂತದ ಅಂಕಗಳ ಮೇಲೆ ಕಪ್ ಬ್ರಿಟನ್‌ಗೆ. ಆ ಪಂದ್ಯದಲ್ಲಿ ತಮ್ಮ ಅರ್ಧದಿಂದ ಚೆಂಡು ಹಿಡಿದು ಓಡಿದ ಅವರ ಟ್ರೈಯನ್ನು ಸಾಧ್ಯವಾದರೆ ನೋಡಿ. ನಡೆಯಲು ಕಷ್ಟವಾಗಿದ್ದ ಕಾಲು ಅದು.

ಅವರು 1985ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಬರೀ 42 ವರ್ಷ. ಅದಕ್ಕೇ ಊರಿನವರು ತಮ್ಮ ಊರಿಗೆ ಬರುವ ದಾರಿಗೆ ಅವರ ಹೆಸರಿಟ್ಟರು. ಮುಂದಿನ ಸಲ ಆ ರಸ್ತೆಯಲ್ಲಿ ಹೋಗುವಾಗ, ಹೆಸರು ಹಾಕದ ಆ ಮೊದಲ ಪಂದ್ಯವನ್ನು ನೆನಪಿಸಿಕೊಳ್ಳಿ.

ಮೇಡಂ, ನನ್ನ ಮಗಳು ಹೈಸ್ಕೂಲಿನಲ್ಲಿ ಖೋಖೋ ಆಡ್ತಾಳೆ. ಜಿಲ್ಲಾ ತಂಡಕ್ಕೆ ಆಯ್ಕೆ ಆಗಿದ್ದಾಳೆ. ಅಭ್ಯಾಸ ಮುಗಿದು ಮನೆಗೆ ಬರೋದು ಕತ್ತಲಾಗುತ್ತೆ. ಅವಳಪ್ಪ ಬೇಡ ಅಂತಿದ್ದಾರೆ. ಕೋಚ್ ಅನ್ನು ಮನೆಗೆ ಕರೆದು ಮಾತಾಡಿಸಬೇಕು ಅನ್ಸುತ್ತೆ. ಹಾಗೆ ಕರೆಯೋದು ಸರೀನಾ? ಅವರು ತಪ್ಪು ತಿಳಿಯೋಲ್ವಾ?
— ತಾಯಿ, ಅರಸೀಕೆರೆ ತಾಲ್ಲೂಕು

ಕರೆಯಿರಿ ತಾಯಿ. ಅವರು ತಪ್ಪು ತಿಳಿದರೆ ಅದು ಅವರ ತಪ್ಪು.

ರಾಯ್ ಫ್ರಾನ್ಸಿಸ್ ಬಗ್ಗೆ ನನ್ನ ಮನಸ್ಸಿನಲ್ಲಿ ಉಳಿದ ವಿಷಯ ಕಪ್ ಅಲ್ಲ. ಅವರ ಕಾಲದಲ್ಲಿ ಆಟಗಾರನ ಹೆಂಡತಿ, ಮಕ್ಕಳು ಅಂದರೆ ಕ್ಲಬ್‌ಗೆ ಸಂಬಂಧವೇ ಇಲ್ಲದವರು. ಫ್ರಾನ್ಸಿಸ್ ಅವರನ್ನು ಒಳಗೆ ಕರೆದರು. ಮನೆಯವರು ಪಂದ್ಯಕ್ಕೆ ಬರಲಿ ಅಂತ ಗಾಡಿಯ ಏರ್ಪಾಡು ಮಾಡಿಸಿದರು. ಶನಿವಾರ ಮೈದಾನಕ್ಕೆ ಇಳಿಯುವ ಗಂಡಸು ಮನೆಯಲ್ಲಿ ಜಗಳ ಆಡಿ ಬಂದಿದ್ದರೆ, ಮಗುವಿಗೆ ಜ್ವರ ಇದ್ದರೆ, ಆಟದಲ್ಲಿ ಅದು ಕಾಣುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು. ಅವರೂ ಪರರ ಊರಿಗೆ ಬಂದು, ಬಣ್ಣ ನೋಡಿ ಮುಖ ತಿರುಗಿಸುವ ಜನರ ನಡುವೆ ಆಡಿದವರು. ಆಟಗಾರನಿಗೆ ಬೆನ್ನ ಹಿಂದೆ ಒಂದು ಮನೆ ಬೇಕು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ನನಗೆ ಮಾತ್ರ ಅದು ತಡವಾಗಿ ತಿಳಿಯಿತು. ಆ ಕಥೆಯನ್ನು ನಿಮಗೆ ಹೇಳಲೇಬೇಕು.

ಕೆಲಸಕ್ಕೆ ಸೇರಿದ ಹೊಸತು. ಹುಡುಗಿಯರ ಕಬಡ್ಡಿ ತಂಡ ನನ್ನದು. ಬೆಳಗ್ಗೆ ಆರಕ್ಕೆ ಅಭ್ಯಾಸ. ಒಬ್ಬ ಹುಡುಗಿ ಇದ್ದಳು. ಪಾದ ಹಿಡಿದಳು ಅಂದರೆ ಬಿಡಿಸಿಕೊಳ್ಳುವವರೇ ಇಲ್ಲ. ಆದರೆ ದಿನಾ ತಡ. ಆರೂವರೆ, ಒಮ್ಮೊಮ್ಮೆ ಆರೂ ಮುಕ್ಕಾಲು. ಮೂರು ಸಲ ಎಚ್ಚರಿಸಿದೆ. ಅವಳು ತಲೆ ತಗ್ಗಿಸಿ ನಿಲ್ಲುತ್ತಿದ್ದಳೇ ಹೊರತು ಕಾರಣ ಹೇಳುತ್ತಿರಲಿಲ್ಲ. ಶಿಸ್ತು ಕಲಿಯಲಿ ಅಂತ ಜಿಲ್ಲಾ ಪಂದ್ಯದ ಪಟ್ಟಿಯಿಂದ ಹೆಸರು ಹೊಡೆದು ಕಳಿಸಿದೆ. ಮಾರನೆಯ ದಿನದಿಂದ ಅವಳು ಬರಲಿಲ್ಲ. ಶಾಲೆಯ ಬನಿಯನ್ನು ಅವಳ ಹತ್ತಿರ ಇತ್ತು. ತರೋಣ ಅಂತ ಒಂದು ಬೆಳಗ್ಗೆ ಐದು ಗಂಟೆಗೇ ಅವಳ ಕೇರಿಗೆ ಹೋದೆ. ಮನೆಗೆ ಬೀಗ. ಪಕ್ಕದವರು ಭಟ್ಟಿ ಕಡೆ ಕೈ ತೋರಿಸಿದರು.

ನಮ್ಮೂರಿನ ಮಂಡಕ್ಕಿ ಭಟ್ಟಿ ನೋಡಿದವರಿಗೆ ಗೊತ್ತು. ಹೊಗೆ, ಕಾದ ಮರಳು, ಬೂದಿ. ಅಲ್ಲಿ ಅಪ್ಪ, ಅಮ್ಮನ ಜೊತೆ ಅವಳೂ ನಿಂತು ಮಂಡಕ್ಕಿ ಜರಡಿ ಹಿಡಿಯುತ್ತಿದ್ದಳು. ನಡುರಾತ್ರಿ ಮೂರಕ್ಕೆ ಬಂದವಳು. ಐದೂವರೆಗೆ ಅಲ್ಲಿಂದ ಬಿಟ್ಟು, ಮುಖ ತೊಳೆದು, ಎರಡು ಮೈಲಿ ಓಡಿಕೊಂಡು ನನ್ನ ಅಭ್ಯಾಸಕ್ಕೆ ಬರುತ್ತಿದ್ದಳು. ನಾನು ಅದನ್ನು ತಡ ಅಂದಿದ್ದೆ. ಅವಳ ಅಮ್ಮ ನನ್ನನ್ನು ಕೂರಿಸಿ, ಬಿಸಿ ಮಂಡಕ್ಕಿಯನ್ನು ಪೇಪರಿನಲ್ಲಿ ಕಟ್ಟಿಕೊಟ್ಟರು. ಒಂದು ಮಾತು ಬೈಯಲಿಲ್ಲ. ಪಟ್ಟಿ ಆಗಲೇ ಹೋಗಿಯಾಗಿತ್ತು. ಬದಲಿಸಲು ಆಗಲಿಲ್ಲ. ಮುಂದಿನ ವರ್ಷ ಅಭ್ಯಾಸವನ್ನು ಸಂಜೆಗೆ ಹಾಕಿದೆ. ಅಷ್ಟರಲ್ಲಿ ಅವಳು ಶಾಲೆ ಬಿಟ್ಟಿದ್ದಳು.

ಅಲ್ಲಿಂದ ಮುಂದೆ ಪ್ರತಿ ಜೂನ್‌ನಲ್ಲಿ ತಂಡದ ಒಬ್ಬೊಬ್ಬಳ ಮನೆಗೂ ಹೋದೆ. ನಿವೃತ್ತಿಯಾಗುವವರೆಗೂ ಬಿಡಲಿಲ್ಲ. ಲೀಡ್ಸ್‌ನಲ್ಲಿ ಬೇಲಿಯ ಆಚೆಯಿಂದ ಫ್ರಾನ್ಸಿಸ್ ಕಥೆ ಕೇಳಿದಾಗ ನನಗೆ ಕಣ್ಣು ತುಂಬಿತ್ತು. ನಾನು ಒಬ್ಬ ಹುಡುಗಿಯನ್ನು ಕಳೆದುಕೊಂಡು ಕಲಿತದ್ದನ್ನು ಅವರು ಮೊದಲೇ ತಿಳಿದಿದ್ದರು.

ಹಾಗಾಗಿ ಕೋಚ್ ಅನ್ನು ಕರೆಯಿರಿ. ಮಗಳ ಅಪ್ಪ ಮನೆಯಲ್ಲಿ ಇರುವ ಹೊತ್ತಿಗೇ ಕರೆಯಿರಿ. ಅಭ್ಯಾಸ ಅರ್ಧ ಗಂಟೆ ಮುಂಚೆ ಶುರು ಮಾಡಬಹುದಾ, ಅದೇ ದಾರಿಯಲ್ಲಿ ಬರುವ ಬೇರೆ ಹುಡುಗಿಯರು ಯಾರು, ಕೊನೆಯ ಬಸ್ಸು ತಪ್ಪಿದರೆ ಯಾರಿಗೆ ಫೋನ್ ಮಾಡಬೇಕು, ಇಷ್ಟು ಕೇಳಿ. ಮತ್ತೆ ಒಂದು ಪಂದ್ಯಕ್ಕೆ ಅವಳಪ್ಪನನ್ನು ಕರೆದುಕೊಂಡು ಹೋಗಿ ಕೂರಿಸಿ. ಬೇಡ ಅನ್ನುವವರಲ್ಲಿ ಜಾಸ್ತಿ ಜನ ಮಗಳು ಓಡುವುದನ್ನು ಒಮ್ಮೆಯೂ ನೋಡಿರುವುದಿಲ್ಲ.

1968ರ ಫೈನಲ್ ಅನ್ನು ಎದುರಾಳಿ ಒದೆತ ತಪ್ಪಿದ್ದರಿಂದ ಫ್ರಾನ್ಸಿಸ್ ಗೆದ್ದರು ಅಂತ ಓದಿದೆ. ಹಾಗಾದರೆ ಕೋಚ್ ಹೆಗ್ಗಳಿಕೆ ಏನು? ಅದೃಷ್ಟ ಅಲ್ವಾ?
— ಓದುಗರು, ಬೆಂಗಳೂರು

ಆ ದಿನ ಅದೃಷ್ಟ ಇತ್ತು. ಇಲ್ಲ ಅನ್ನುವುದಿಲ್ಲ. ಏನಾಯಿತು ಅಂತ ಮಿಕ್ಕವರಿಗೂ ಹೇಳುತ್ತೇನೆ.

ಫ್ರಾನ್ಸಿಸ್ 1963ರಲ್ಲಿ ಹಲ್ ಬಿಟ್ಟು ಲೀಡ್ಸ್‌ಗೆ ಬಂದಿದ್ದರು. 1968ರ ಮೇ 11ರಂದು ಲಂಡನ್ನಿನ ವೆಂಬ್ಲಿಯಲ್ಲಿ ಚಾಲೆಂಜ್ ಕಪ್ ಫೈನಲ್. ಲೀಡ್ಸ್ ಎದುರು ವೇಕ್‌ಫೀಲ್ಡ್ ಟ್ರಿನಿಟಿ. ನೋಡಲು 87,100 ಜನ. ಸಿಡಿಲು ಮಳೆ ಸುರಿದು ಮೈದಾನ ಕೆರೆಯಾಯಿತು. ನಾಟಿ ಗದ್ದೆಯಲ್ಲಿ ಓಡಿದ ಹಾಗೆ ಓಡಿದರು. ಬಿದ್ದವರು ಹತ್ತು ಗಜ ಜಾರಿಕೊಂಡೇ ಹೋದರು. ಕೊನೆಯಲ್ಲಿ ಲೀಡ್ಸ್‌ನ ಬೆವ್ ರಿಸ್ಮನ್ ಪೆನಾಲ್ಟಿ ಒದ್ದು 11-7 ಮಾಡಿದರು. ಅಲ್ಲಿಗೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು. ವೇಕ್‌ಫೀಲ್ಡ್ ಚೆಂಡು ಒದ್ದು ಆಟ ಶುರು ಮಾಡಿತು. ಚೆಂಡು ನೀರಲ್ಲಿ ಜಾರಿತು, ಒದ್ದರು, ಮತ್ತೆ ಒದ್ದರು, ಕೆನ್ ಹರ್ಸ್ಟ್ ಕಂಬಗಳ ನಡುವೆಯೇ ಬಿದ್ದು ಟ್ರೈ ಮಾಡಿದರು. ಆಗ ಟ್ರೈಗೆ 3 ಅಂಕ. 11-10. ಟ್ರೈ ಆದ ಮೇಲೆ ಸಿಗುವ ಒದೆತ ಬಾಕಿ, ಕಂಬಗಳ ಎದುರಿಗೇ ನಿಂತು ಒದೆಯುವ ಸುಲಭದ್ದು. ಅದಕ್ಕೆ 2 ಅಂಕ.

ಮಾಮೂಲಾಗಿ ಒದೆಯುವ ನೀಲ್ ಫಾಕ್ಸ್ ಗಾಯದಿಂದ ಆಡುತ್ತಿರಲಿಲ್ಲ. ಅವರ ಅಣ್ಣ ಡಾನ್ ಫಾಕ್ಸ್ ಬಂದರು. ಅವತ್ತಿನ ಪಂದ್ಯಶ್ರೇಷ್ಠ ಅವರೇ ಅಂತ ಆಗಲೇ ಆಯ್ಕೆಯಾಗಿತ್ತು. ಒದ್ದರು. ಕಾಲು ಜಾರಿತು. ಚೆಂಡು ಅಡ್ಡಕ್ಕೆ ಹೋಯಿತು. ಅವರು ಮಂಡಿಯೂರಿ ಕುಸಿದು, ತಲೆ ನೆಲಕ್ಕೆ ಇಟ್ಟರು. ಟಿವಿಯಲ್ಲಿ ವಿವರಣೆ ಹೇಳುತ್ತಿದ್ದ ಎಡ್ಡಿ ವೇರಿಂಗ್ ಪಾಪ ಹುಡುಗ ಅಂದದ್ದು ಆ ನಾಡಿನಲ್ಲಿ ಇವತ್ತಿಗೂ ಎಲ್ಲರಿಗೂ ನೆನಪಿದೆ. ನಮ್ಮ ತಾತ ಲೀಡ್ಸ್ ಅಭಿಮಾನಿ. ಗೆದ್ದ ಊರಿನವರು. ಆದರೂ ಈ ಕಥೆ ಹೇಳುವಾಗ ಡಾನ್ ಫಾಕ್ಸ್ ಹೆಸರು ಬಂದ ಕೂಡಲೇ ಅವರ ದನಿ ಇಳಿಯುತ್ತಿತ್ತು.

ಈಗ ನಿಮ್ಮ ಪ್ರಶ್ನೆ. 1957ರಲ್ಲಿ ಇದೇ ಫ್ರಾನ್ಸಿಸ್ ಅವರ ಹಲ್ ತಂಡ ಓಲ್ಡಮ್ ಎದುರು ಚಾಂಪಿಯನ್‌ಶಿಪ್ ಫೈನಲ್ ಸೋತಿತ್ತು. 15-14. ಅದರ ಹಿಂದಿನ ವರ್ಷ ಹ್ಯಾಲಿಫ್ಯಾಕ್ಸ್ ಎದುರು ಗೆದ್ದದ್ದು 10-9, ಕಾಲಿನ್ ಹಟನ್ ಕೊನೆಯಲ್ಲಿ ಒದ್ದ ಪೆನಾಲ್ಟಿಯಿಂದ. 1959ರಲ್ಲಿ, 1960ರಲ್ಲಿ ವೆಂಬ್ಲಿಗೆ ಹೋಗಿ ಎರಡು ಸಲವೂ ದೊಡ್ಡ ಅಂತರದಲ್ಲಿ ಸೋತು ಬಂದಿದ್ದರು. ಒಂದು ಅಂಕ ಕೊಟ್ಟಿತು, ಕಿತ್ತುಕೊಂಡಿತು, ಮತ್ತೆ ಕೊಟ್ಟಿತು. ಆ ಒಂದು ಅಂಕ ಅದೃಷ್ಟ ಇರಬಹುದು. ಆ ಒಂದು ಅಂಕ ಲೆಕ್ಕಕ್ಕೆ ಬರುವ ಜಾಗಕ್ಕೆ ಎರಡು ಬೇರೆ ಊರಿನ ತಂಡಗಳನ್ನು ಅಷ್ಟು ಸಲ ಕರೆದುಕೊಂಡು ಹೋಗುವುದು ಅದೃಷ್ಟ ಅಲ್ಲ.

ಇನ್ನೊಂದು ವಿಷಯ. 1966ರಲ್ಲಿ ನಿಯಮ ಬದಲಾಯಿತು. ಅಲ್ಲಿಯವರೆಗೆ ಎಷ್ಟು ಸಲ ಹಿಡಿಸಿಕೊಂಡರೂ ಚೆಂಡು ನಿಮ್ಮದೇ. ಆಮೇಲೆ ನಾಲ್ಕೇ ಸಲ. ಆರು ಆಗಿದ್ದು 1972ರಲ್ಲಿ. ಸುಮ್ನೆ ಗುದ್ದಾಡಿಕೊಂಡು ಚೆಂಡು ಇಟ್ಟುಕೊಳ್ಳುವ ತಂಡಗಳು ತಬ್ಬಿಬ್ಬಾದವು. ಓಡಲು ಕಲಿತಿದ್ದ ಲೀಡ್ಸ್ 1967 ಮತ್ತು 1968 ಎರಡೂ ಸೀಸನ್‌ಗಳಲ್ಲಿ ಲೀಗ್ ಪಟ್ಟಿಯ ತುದಿಯಲ್ಲಿ ನಿಂತಿತು. ನಿಯಮ ಬದಲಾಗುವ ಮೊದಲೇ ಓಟ ಕಲಿಸಿದ್ದ ಕೋಚ್ ಅವರಿಗಿದ್ದರು.

ಆಸ್ಟ್ರೇಲಿಯಾಗೆ ಅವರನ್ನು ಕರೆದುಕೊಂಡು ಹೋಗಲಿಲ್ಲ ಅಂತ ಕಳೆದ ಸಲ ಬರೆದಿದ್ದಿರಿ. ಅದೇ ಆಸ್ಟ್ರೇಲಿಯಾಗೆ ಆಮೇಲೆ ಅವರೇ ಕೋಚ್ ಆಗಿ ಹೋದರಂತೆ. ಅವಮಾನ ಮಾಡಿದ ದೇಶಕ್ಕೆ ಯಾಕೆ ಹೋಗಬೇಕಿತ್ತು?
— ನಿವೃತ್ತ ಶಿಕ್ಷಕರು, ಧಾರವಾಡ

ಸರ್, ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. 1946ರಲ್ಲಿ ಬ್ರಿಟನ್ ತಂಡ ಆಸ್ಟ್ರೇಲಿಯಾಗೆ ಹೊರಟಾಗ ಫ್ರಾನ್ಸಿಸ್ ಒಳ್ಳೆಯ ಲಯದಲ್ಲಿದ್ದರು. ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಆಗ ಆಸ್ಟ್ರೇಲಿಯಾದಲ್ಲಿ ಬಿಳಿಯರಲ್ಲದವರನ್ನು ಹೊರಗಿಡುವ ನೀತಿ ಇತ್ತು. ಅಲ್ಲಿನವರಿಗೆ ಮುಜುಗರ ಆಗದಿರಲಿ ಅಂತ ಇವರನ್ನು ಬಿಟ್ಟರು ಅನ್ನುವುದು ರಗ್ಬಿ ಲೀಗ್ ಚರಿತ್ರೆ ಬರೆದವರ ಮಾತು. ಆ ತಂಡದ ನಾಯಕ ಗಸ್ ರಿಸ್ಮನ್, ವೇಲ್ಸ್‌ನವರೇ. 1968ರಲ್ಲಿ ಫ್ರಾನ್ಸಿಸ್ ಅವರ ಲೀಡ್ಸ್‌ಗೆ ಕಪ್ ತಂದುಕೊಟ್ಟ ಬೆವ್ ರಿಸ್ಮನ್ ಇದ್ದಾರಲ್ಲ, ಅವರು ಇದೇ ಗಸ್ ಅವರ ಮಗ. ಅಪ್ಪನ ಜೊತೆ ಹಡಗು ಹತ್ತಲು ಆಗದವರು ಮಗನ ಕೋಚ್ ಆದರು.

ಆ ಕಪ್ ಗೆದ್ದ ಮೇಲೆ ಸಿಡ್ನಿಯಿಂದ ಕರೆ ಬಂತು. ನಾರ್ತ್ ಸಿಡ್ನಿ ಬೇರ್ಸ್ ಕ್ಲಬ್. 1969, 1970 ಎರಡು ಸೀಸನ್ ಅಲ್ಲಿದ್ದರು. ಆಟಗಾರನಾಗಿ ಕಾಲಿಡಲು ಆಗದ ಜಾಗಕ್ಕೆ ಗುರುವಾಗಿ ಕರೆದರೆ ಯಾರು ಬೇಡ ಅನ್ನುತ್ತಾರೆ? ನಾನಾಗಿದ್ದರೂ ಹೋಗುತ್ತಿದ್ದೆ. ಆದರೆ ಅಲ್ಲಿ ಅವರ ಕೈ ಹತ್ತಲಿಲ್ಲ. ಯಾವ ಪ್ರಶಸ್ತಿಯೂ ಬರಲಿಲ್ಲ. ನಮ್ಮ ದ್ರಾವಿಡ್‌ಗೆ 2007ರಲ್ಲಿ ವೆಸ್ಟ್ ಇಂಡೀಸ್‌ನಲ್ಲಿ ನಾಯಕನಾಗಿ ಆದ ನೋವು 2024ರಲ್ಲಿ ಅದೇ ದ್ವೀಪಗಳಲ್ಲಿ ಕೋಚ್ ಆಗಿ ತೀರಿತು. ಫ್ರಾನ್ಸಿಸ್‌ಗೆ ಆ ಭಾಗ್ಯ ಸಿಗಲಿಲ್ಲ.

ಸಿಗಲಿಲ್ಲ ಅಂದೆ. ಒಂದು ರೀತಿಯಲ್ಲಿ ಸಿಕ್ಕಿತು. ಅದೇ 1970ರಲ್ಲಿ ಬ್ರಿಟನ್ ತಂಡ ಆಸ್ಟ್ರೇಲಿಯಾಗೆ ಬಂದು ಆಶಸ್ (ರಗ್ಬಿ ಲೀಗ್‌ನಲ್ಲೂ ಇವರಿಬ್ಬರ ಸರಣಿಗೆ ಅದೇ ಹೆಸರು) ಗೆದ್ದಿತು. ಆ ತಂಡದ ಕೋಚ್ ಜಾನಿ ವೈಟ್ಲಿ. ಹಲ್‌ನಲ್ಲಿ ಫ್ರಾನ್ಸಿಸ್ ಕೈಯಲ್ಲಿ ಬೆಳೆದವರು. ಅದಾದ ಮೇಲೆ ಇವತ್ತಿನವರೆಗೂ ಬ್ರಿಟನ್‌ನವರು ಆಶಸ್ ಗೆದ್ದಿಲ್ಲ.

ವಾಪಸ್ ಬಂದು ಮತ್ತೆ ಹಲ್, ಮತ್ತೆ ಲೀಡ್ಸ್, ಆಮೇಲೆ ಬ್ರಾಡ್‌ಫರ್ಡ್. 1975ರಲ್ಲಿ ಲೀಡ್ಸ್‌ಗೆ ಪ್ರೀಮಿಯರ್‌ಶಿಪ್ ಗೆದ್ದುಕೊಟ್ಟರು. 1989ರಲ್ಲಿ ಲೀಡ್ಸ್‌ನಲ್ಲೇ ತೀರಿಕೊಂಡರು. ಬೆಳೆದ ಊರು ಬ್ರಿನ್‌ಮಾರ್‌ನಲ್ಲಿ ಅವರ ಕಂಚಿನ ಪ್ರತಿಮೆ ನಿಂತದ್ದು 2023ರಲ್ಲಿ. 34 ವರ್ಷ ತಡ. ಅದೇ ವರ್ಷ ಕಾರ್ಡಿಫ್‌ನಲ್ಲಿ ಗಸ್ ರಿಸ್ಮನ್, ಬಿಲ್ಲಿ ಬಾಸ್ಟನ್, ಕ್ಲೈವ್ ಸಲ್ಲಿವನ್ ಮೂವರ ಪ್ರತಿಮೆಯೂ ನಿಂತಿತು. 2025ರಲ್ಲಿ ಬಾಸ್ಟನ್ ಅವರಿಗೆ ಸರ್ ಪದವಿ ಬಂತು. ರಗ್ಬಿ ಲೀಗ್ ಆಟಗಾರನಿಗೆ ಅದೇ ಮೊದಲು. ಈ ಗೌರವಗಳು ಇವರು ಓಡುತ್ತಿದ್ದ ಕಾಲದಲ್ಲೇ ಬರಬೇಕಿತ್ತು ಅಂತ ನನಗೆ ನೋವಿದೆ ಸರ್. ನಿಮ್ಮ ಸಿಟ್ಟಿಗೆ ನನ್ನ ಸಿಟ್ಟೂ ಸೇರಿಸಿಕೊಳ್ಳಿ.

ಟೀಚರ್, ರಗ್ಬಿ ಚೆಂಡು ಯಾಕೆ ಮೊಟ್ಟೆ ಥರ ಇದೆ?
— 7ನೇ ತರಗತಿ, ಹರಿಹರ

ಶುರುವಿನಲ್ಲಿ ಚೆಂಡಿನ ಒಳಗೆ ಹಂದಿಯ ಮೂತ್ರಕೋಶವನ್ನು ಊದಿ ಇಡುತ್ತಿದ್ದರು ಪುಟ್ಟಿ. ರಗ್ಬಿ ಅನ್ನುವ ಊರಿನ ಚಪ್ಪಲಿ ಹೊಲಿಯುವವರು ಅದರ ಮೇಲೆ ಚರ್ಮ ಹೊಲಿದು ಶಾಲೆಯ ಹುಡುಗರಿಗೆ ಕೊಡುತ್ತಿದ್ದರು. ಮೂತ್ರಕೋಶ ಊದಿದರೆ ಪೂರ್ತಿ ದುಂಡಗೆ ಆಗುವುದಿಲ್ಲ. ಚೆಂಡಿಗೂ ಅದೇ ಆಕಾರ ಬಂತು. ಆಮೇಲೆ ರಬ್ಬರ್ ಬಂದರೂ ಆಕಾರ ಉಳಿಯಿತು. ಕಂಕುಳಲ್ಲಿ ಇಟ್ಟುಕೊಂಡು ಓಡಲು ಅದೇ ಸರಿ.

ಲೀಡ್ಸ್‌ನಿಂದ ಬರುವಾಗ ತಾತ ನನಗೆ ಒಂದು ಹಳೆಯ ಚೆಂಡು ಕೊಟ್ಟಿದ್ದಾರೆ. ಗಾಳಿ ಸ್ವಲ್ಪ ಇಳಿದಿದೆ. ಹರಿಹರ ಇಲ್ಲೇ ಪಕ್ಕ. ಅಮ್ಮನ ಜೊತೆ ಒಂದು ಭಾನುವಾರ ಬಾ, ಪಂಪು ಹೊಡೆದು ಇಟ್ಟಿರುತ್ತೇನೆ.